ಕುಸ್ವಾರ್ ತಟ್ಟೆಯ ಹಿಂದೆ ಹದಿನೈದು ವರ್ಷ

ಡಿಸೆಂಬರ್ ಬಂತೆಂದರೆ ಮಂಗಳೂರು ಬದಿಯ ಕಥೋಲಿಕರ ಮನೆಗಳಲ್ಲಿ ಎಣ್ಣೆ ಬಾಣಲೆ ಒಲೆಯಿಂದ ಇಳಿಯುವುದೇ ಇಲ್ಲ. ಎಳ್ಳು, ಸಕ್ಕರೆ ತುಂಬಿದ ನೆವ್ರಿ, ಬಾಚಣಿಗೆ ಹಲ್ಲಿನ ಮೇಲೆ ಒತ್ತಿ ಸುರುಟಿದ ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ, ಎಲ್ಲ ಸೇರಿ ಕುಸ್ವಾರ್. ಹಬ್ಬಕ್ಕೆ ಅದರಲ್ಲಿ ಒಂದು ತಟ್ಟೆ ನೆರೆಮನೆಗೂ ಬರ್ತದೆ. ಆದರೆ ಈ ತಟ್ಟೆ ಕಳಿಸುವವರ ಹಿರಿಯರು ಒಂದು ಕಾಲದಲ್ಲಿ ಹದಿನೈದು ವರ್ಷ ಊರಲ್ಲೇ ಇರ್ಲಿಲ್ಲ. ಅದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತುಂಟು?

1784ರ ಮಾತು. ಟಿಪ್ಪು ಸುಲ್ತಾನನಿಗೂ ಇಂಗ್ಲಿಷರಿಗೂ ಮಂಗಳೂರಿಗಾಗಿ ಯುದ್ಧ ನಡೆದಿತ್ತು. ಇಲ್ಲಿಯ ಕ್ರೈಸ್ತರು ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಸಿಟ್ಟು ಸುಲ್ತಾನನಿಗೆ. ಬೂದಿ ಬುಧವಾರದ ಹೊತ್ತಿಗೆ ಅವರನ್ನು ಮನೆಮನೆಯಿಂದ ಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿದರು. ಬಾಣಂತಿ, ಮುದುಕಿ, ಎಳೆ ಮಗು ಎಂಬ ಭೇದ ಇಲ್ಲ. ಎಷ್ಟೋ ಮಂದಿ ದಾರಿಯಲ್ಲೇ ತೀರಿಹೋದರು. ಪಾದ್ರಿಗಳನ್ನು ಗಡಿಪಾರು ಮಾಡಿದರು. ಚರ್ಚುಗಳನ್ನು ಕೆಡವಿದರು. 1568ರಿಂದ ಇದ್ದ ಮಂಗಳೂರಿನ ರೊಜಾರಿಯೊ ಚರ್ಚೂ ಉಳಿಯಲಿಲ್ಲ, 1680ರ ಮಿಲಾಗ್ರಿಸೂ ಉಳಿಯಲಿಲ್ಲ.

ಸ್ವಲ್ಪ ಯೋಚಿಸಿ ನೋಡಿ. ಚರ್ಚಿಲ್ಲ, ಗಂಟೆಯಿಲ್ಲ, ಪೂಜೆ ಮಾಡುವ ಪಾದ್ರಿಯಿಲ್ಲ. ನಂಬಿಕೆ ಉಳಿಯಬೇಕಾದರೆ ಮನೆಯವರ ಬಾಯಲ್ಲೇ ಉಳಿಯಬೇಕಿತ್ತು. ಶಿಲುಬೆ ಗುರುತು ಹಾಕಲು, ಜಪಮಾಲೆ ಹೇಳಲು ಮಕ್ಕಳಿಗೆ ಕಲಿಸುವವರು ಯಾರು? ನಮ್ಮ ಮನೆಗಳಲ್ಲಿ ದೀಪ ಹಚ್ಚಿ ಶ್ಲೋಕ ಹೇಳಿಸುವವರು ಯಾರೋ, ಅಲ್ಲಿಯೂ ಅವರೇ ಇರ್ಬೇಕು.

ಎಲ್ಲ ಬಾಗಿಲೂ ಮುಚ್ಚಿರಲಿಲ್ಲ. ತಪ್ಪಿಸಿಕೊಂಡು ಕೊಡಗಿಗೆ ಹೋದವರಿಗೆ ಅಲ್ಲಿಯ ಅರಸ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ. 1792ರಲ್ಲಿ ವಿರಾಜಪೇಟೆಯನ್ನು ಕಟ್ಟಿದಾಗ ಅವರಿಗೂ ಅಲ್ಲಿ ಜಾಗ ಕೊಟ್ಟು ನೆಲೆ ನಿಲ್ಲಿಸಿದ. ಪೇಟೆಯ ನಡುವೆ ಈಗಲೂ ನಿಂತಿರುವ ಸಂತ ಅನ್ನಮ್ಮನ ಚರ್ಚಿನ ಬೇರು ಅಲ್ಲಿಯದ್ದು. ಅರಸನ ಧರ್ಮ ಬೇರೆ, ಬಂದವರ ಧರ್ಮ ಬೇರೆ. ಆದರೂ ಜಾಗ ಕೊಟ್ಟ.

1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪುವೂ ತೀರಿಹೋದ. ಬದುಕಿ ಉಳಿದವರಲ್ಲಿ ಅನೇಕರು ಮತ್ತೆ ಘಟ್ಟ ಇಳಿದರು. ಹೋಗುವಾಗ ಸೊಂಟದ ಮೇಲಿದ್ದ ಮಗು ಬರುವಾಗ ಮದುವೆಯ ಪ್ರಾಯಕ್ಕೆ ಬಂದಿತ್ತು! ಊರಲ್ಲಿ ಗದ್ದೆ, ಹಿತ್ತಿಲು ಬೇರೆಯವರ ಕೈಯಲ್ಲಿ. ಚರ್ಚಿದ್ದಲ್ಲಿ ಬರೀ ಜಾಗ. ಆದರೂ ಒಬ್ಬರಿಗೊಬ್ಬರು ಆಗಿ ನಿಂತರು, ಒಂದೊಂದೇ ಚರ್ಚು ಎಬ್ಬಿಸಿದರು. ರೊಜಾರಿಯೊ ಮತ್ತೆ ಎದ್ದದ್ದು 1813ರಲ್ಲಿ.

ಕ್ರಿಸ್‌ಮಸ್ಸಿನ ಕಥೆಯೂ ಮನೆಯಿಲ್ಲದವರದ್ದೇ ಅಲ್ವಾ? ಬಸುರಿ ಮರಿಯಳಿಗೆ ಛತ್ರದಲ್ಲಿ ಜಾಗ ಸಿಗಲಿಲ್ಲ, ಹಸುಗೂಸನ್ನು ಮಲಗಿಸಿದ್ದು ದನದ ಗೋದಲಿಯಲ್ಲಿ. ಆಮೇಲೆ ಅರಸ ಹೆರೋದನಿಗೆ ಹೆದರಿ ಮಗುವನ್ನೆತ್ತಿಕೊಂಡು ಈಜಿಪ್ಟಿಗೆ ಓಡಿದರು. ಸೆರೆಯಿಂದ ಹಿಂತಿರುಗಿದ ತಾಯಂದಿರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಭರವಸೆ ಅಂದರೆ ಕಷ್ಟವೇ ಬಾರದು ಅಂತಲ್ಲ. ಕಷ್ಟದ ನಡುವೆಯೂ ದೇವರು ನಮ್ಮ ಜೊತೆಗೇ ಹುಟ್ಟಿ ಬರ್ತಾನೆ ಅನ್ನುವ ಧೈರ್ಯ. ಆ ಧೈರ್ಯ ಒಬ್ಬರಿಂದ ಉಳಿಯುವಂಥದ್ದಲ್ಲ, ಹತ್ತು ಮನೆ ಸೇರಬೇಕು.

ಈ ಸಲ ಹತ್ತಿರದ ಚರ್ಚಿನಲ್ಲಿ ಗೋದಲಿ ಕಟ್ಟಿದಾಗ ಮಕ್ಕಳನ್ನು ಕರ್ಕೊಂಡು ಹೋಗಿ ತೋರಿಸಿ. ವಿರಾಜಪೇಟೆಯ ಅರಸನ ಕಥೆಯನ್ನೂ ಹೇಳಿ. ನೆರೆಯವರಿಗೆ ಜಾಗ ಕೊಡುವುದು ಅಂದರೆ ಎಂತದು ಅಂತ ಅವರಿಗೂ ಗೊತ್ತಾಗಲಿ.