ಹಿಂದಿನ ಬೆಂಚಿಗೆ ಮುಟ್ಟಿದ ಅಳು

ನಮ್ಮಪ್ಪ ಕಂಪನಿ ನಾಟಕದಲ್ಲಿ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದರು. ಜಾತ್ರೆಯಿಂದ ಜಾತ್ರೆಗೆ ತಗಡಿನ ಥಿಯೇಟರ್ ಹೊತ್ತು ತಿರುಗುವ ಕಂಪನಿ ಅದು. ಬೇಸಿಗೆ ರಜೆಯಲ್ಲಿ ನಾನು ಅವರ ಕ್ಯಾಂಪಿಗೆ ಹೋಗಿ, ಪೆಟ್ಟಿಗೆಯ ಪಕ್ಕದಲ್ಲೇ ಕೂತು ನಾಟಕ ನೋಡುತ್ತಿದ್ದೆ. ಹರಿಶ್ಚಂದ್ರ ನಾಟಕದ ಸ್ಮಶಾನದ ಸೀನು ಹತ್ತಿರ ಬಂತೆಂದರೆ ಅಪ್ಪ ಹೆಗಲ ಮೇಲಿನ ಟವೆಲ್ಲಿಗೆ ಎರಡೂ ಅಂಗೈ ಒರೆಸಿಕೊಳ್ಳುತ್ತಿದ್ದರು. ಆಮೇಲೆ ಮುಖಾರಿ ರಾಗ ಶುರು. ಹಾವು ಕಚ್ಚಿ ಸತ್ತ ಲೋಹಿತಾಶ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಂದ್ರಮತಿ ಹಾಡು ಎತ್ತಿದರೆ, ನೆಲದಲ್ಲಿ ಕೂತ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಹಾಡು ಮುಗಿದದ್ದೇ ತಡ, 'ಒನ್ಸ್ ಮೋರ್'. ಲೋಹಿತಾಶ್ವನ ಪಾತ್ರದ ಹುಡುಗ ನನ್ನ ಓರಗೆಯವನು. ಎರಡನೇ ಸಲವೂ ಹಾಡು ಮುಗಿಯುವ ತನಕ ಉಸಿರು ಬಿಗಿಹಿಡಿದು ಮಲಗಿರುತ್ತಿದ್ದ.

'ಅಳು ಹಿಂದಿನ ಬೆಂಚಿಗೆ ಮುಟ್ಟಬೇಕು' ಎನ್ನುವುದು ಅಪ್ಪನ ಮಾತು. ಮೈಕಿಲ್ಲದ ಕಾಲದಲ್ಲಿ ಬೆಳೆದ ರಂಗಭೂಮಿಯ ಕಟ್ಟಳೆ ಅದು. ಕೊನೆಯ ಸಾಲಿನವನಿಗೆ ನಟಿಯ ಕಣ್ಣೇ ಕಾಣದು, ಕಣ್ಣೀರು ಎಲ್ಲಿಂದ ಕಾಣಬೇಕು? ಅವನಿಗೆ ಸಿಗುವುದು ಕಂಠ ಒಂದೇ. ಅದಕ್ಕಾಗಿಯೇ ಕಂಪನಿ ನಾಟಕದಲ್ಲಿ ದುಃಖವೆಂದರೆ ಹಾಡು. ಚಂದ್ರಮತಿಯ ಪ್ರಲಾಪವಂತೂ ಸುಮಾರು 800 ವರ್ಷಗಳ ಹಿಂದೆ ರಾಘವಾಂಕ ಷಟ್ಪದಿಯಲ್ಲಿ ಕಟ್ಟಿಕೊಟ್ಟದ್ದು. ಗಮಕಿಗಳ ಬಾಯಲ್ಲಿ, ಹರಿಕಥೆ ದಾಸರ ಬಾಯಲ್ಲಿ ಹರಿದು ಬಂದು ನಮ್ಮಪ್ಪನ ಪೆಟ್ಟಿಗೆಗೂ ಇಳಿದಿತ್ತು.

ಕನ್ನಡ ತೆರೆ ಮೊದಲು ಮಾತನಾಡಿದಾಗಲೂ ಅಲ್ಲಿ ಇದ್ದದ್ದು ಗಂಡನನ್ನು ಕಳೆದುಕೊಂಡ ಹೆಣ್ಣಿನ ಕಥೆಯೇ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ 'ಸತಿ ಸುಲೋಚನ' ಇಂದ್ರಜಿತುವಿನ ಹೆಂಡತಿಯ ಕಥೆ. ತ್ರಿಪುರಾಂಬ ಸುಲೋಚನೆ, ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ. ವೈ.ವಿ. ರಾವ್ ನಿರ್ದೇಶನ, ಚಿತ್ರೀಕರಣ ಕೊಲ್ಹಾಪುರದಲ್ಲಿ. ನಾಯ್ಡು, ನಾಗೇಂದ್ರರಾಯರು ಇಬ್ಬರೂ ನಾಟಕ ಮಂಡಳಿಯವರು. ಆ ಚಿತ್ರದ ಪ್ರತಿ ಇವತ್ತು ಉಳಿದಿಲ್ಲ. ಕನ್ನಡ ತೆರೆಯ ಮೊದಲ ಶೋಕ ಹೇಗೆ ಕೇಳಿಸಿತು ಎನ್ನುವುದು ಅದನ್ನು ನೋಡಿದವರ ಜೊತೆಗೇ ಹೋಯಿತು. ನನಗಿದು ಸಣ್ಣ ನಷ್ಟವಲ್ಲ.

1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ 'ಸತ್ಯ ಹರಿಶ್ಚಂದ್ರ' ಬಂದಾಗ ಅಪ್ಪ ನನ್ನನ್ನು ಟೆಂಟಿಗೆ ಕರೆದುಕೊಂಡು ಹೋದರು. ರಾಜ್‌ಕುಮಾರ್ ಹರಿಶ್ಚಂದ್ರ, ಪಂಢರಿಬಾಯಿ ಚಂದ್ರಮತಿ. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರರ ದನಿಯಲ್ಲಿ ರಂಗದ ಕಸುವು ಹಾಗೇ ಇತ್ತು. ಅಪ್ಪನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೆ. ಮನೆಗೆ ನಡೆದು ಬರುವಾಗ ಹೇಳಿದರು: 'ಆ ತಾಯಿ ಸುಮ್ಮನೆ ಮುಖ ಎತ್ತಿದರೂ ಸಾಕಿತ್ತು ಕಣೋ. ಮುಖವೇ ಹಿಂದಿನ ಬೆಂಚಿಗೆ ಬಂದುಬಿಡುತ್ತೆ.' ಕ್ಲೋಸಪ್ ಎಂಬ ಪದ ಅವರಿಗೆ ಗೊತ್ತಿರಲಿಲ್ಲ. ಅದು ತಮ್ಮ ಕಸುಬನ್ನು ಏನು ಮಾಡಲಿದೆ ಎಂಬುದು ಗೊತ್ತಾಗಿತ್ತು.

ಕಣ್ಣೀರಿನ ಕೆಲಸವೂ ಹೀಗೆ ಹುಟ್ಟಿದ್ದು. ಮದರಾಸಿನ ಸ್ಟುಡಿಯೋಗಳಲ್ಲಿ ಮೇಕಪ್ ಮಾಡಿ ಹಿಂತಿರುಗಿದ್ದ ಒಬ್ಬ ಹಿರಿಯರು ನನ್ನ ಮುಂದೆಯೇ ತೋರಿಸಿದ್ದರು. ಗ್ಲಿಸರಿನ್ ಸೀಸೆಗೆ ಬೆಂಕಿಕಡ್ಡಿಯ ಹಿಂತುದಿ ಅದ್ದಿ, ಕೆಳರೆಪ್ಪೆಯ ಅಂಚಿಗೆ ಒಂದಿಷ್ಟು ತಾಗಿಸಿದರು. ಕಣ್ಣು ಚುರುಗುಟ್ಟಿ ನಿಜವಾದ ನೀರೇ ಬಂತು. ಇನ್ನೊಂದು ಹನಿಯನ್ನು ನೇರ ಕೆನ್ನೆಗೆ ಇಟ್ಟರು. ನೀರಿನ ಹನಿಯಾದರೆ ಸ್ಟುಡಿಯೋ ದೀಪದ ಕಾವಿಗೆ ಆರಿಹೋಗುತ್ತದೆ. ಗ್ಲಿಸರಿನ್ ಮಂದ, ಬೇಗ ಆರದು, ಇಟ್ಟಲ್ಲೇ ಮಣಿಯಂತೆ ಕೂತು ಬೆಳಕು ಹಿಡಿಯುತ್ತದೆ. ಕಪ್ಪು ಬಿಳುಪಿನಲ್ಲಿ ಆ ಬೆಳಕಿನ ಚುಕ್ಕಿಯೇ ಕಣ್ಣೀರು. ಕಣ್ಣು ಎಷ್ಟೇ ಕೆಂಪಾದರೂ ತೆರೆಯ ಮೇಲೆ ಬೂದು. ಹನಿ ಉದುರುವುದು ಸೀಸೆಯ ಕೆಲಸ, ಉದುರುವ ಮೊದಲಿನ ಕ್ಷಣ ನಟನದು ಎಂದು ಅವರು ಹೇಳಿದ್ದನ್ನು ನಾನು ಮರೆತಿಲ್ಲ.

ಆ ಮೊದಲಿನ ಕ್ಷಣವನ್ನು ನಾನು ಕಂಡದ್ದು 1971ರ 'ಕಸ್ತೂರಿ ನಿವಾಸ'ದಲ್ಲಿ. ದೊರೆ–ಭಗವಾನ್ ಜೋಡಿಯ ಚಿತ್ರ. ಕೇಳಿದವರಿಗೆ ಇಲ್ಲವೆನ್ನದ ಸಾಹುಕಾರ ರವಿವರ್ಮ ಎಲ್ಲ ಕಳೆದುಕೊಂಡಿದ್ದಾನೆ. ಮನೆಗೆ ಬಂದವಳಿಗೆ ಊಟ ಹಾಕಲು ಉಳಿದಿದ್ದ ಒಂದು ಪಾರಿವಾಳವನ್ನೂ ಮಾರಿದ್ದಾನೆ. ಉಂಡ ಮೇಲೆ ಅವಳು ಕೇಳುವುದು ಅದೇ ಪಾರಿವಾಳವನ್ನು, ತನ್ನ ಮಗುವಿಗಾಗಿ. ಅವಳಿಗೆ ಸಂಗತಿ ಗೊತ್ತಿಲ್ಲ. ನೋಡುತ್ತಿರುವ ನಮಗೆ ಗೊತ್ತು. 'ಅಳುವ ಗಂಡಸನ್ನು ನಂಬಬೇಡ' ಎನ್ನುವ ಗಾದೆ ನಮ್ಮದು. ಆ ಟೆಂಟಿನಲ್ಲಿ ನನ್ನ ಅಕ್ಕಪಕ್ಕ ಕೂತಿದ್ದವರು ಹಗಲೆಲ್ಲ ಗಾಡಿ ಹೊಡೆದು, ಮೂಟೆ ಹೊತ್ತು ಬಂದವರು. ಒಬ್ಬರೂ ಮುಖ ಮುಚ್ಚಿಕೊಳ್ಳಲಿಲ್ಲ. ಅಪ್ಪ ಎರಡೂ ಅಂಗೈಯನ್ನು ಟವೆಲ್ಲಿಗೆ ಒರೆಸಿಕೊಂಡರು, ಪೆಟ್ಟಿಗೆಯ ಮುಂದೆ ಕೂತಾಗ ಮಾಡುತ್ತಿದ್ದ ಹಾಗೆಯೇ. ಕನ್ನಡ ಚಿತ್ರರಂಗದಲ್ಲಿ ಇದಕ್ಕಿಂತ ದೊಡ್ಡ ಅಳುವಿನ ದೃಶ್ಯವಿಲ್ಲ ಎನ್ನುವುದು ನನ್ನ ತೀರ್ಮಾನ, ಐವತ್ತು ವರ್ಷ ದಾಟಿದರೂ ಬದಲಾಗಿಲ್ಲ.

ಮರುವರ್ಷ, 1972ರಲ್ಲಿ, 'ನಾಗರಹಾವು' ಬಂತು. ಅಶ್ವತ್ಥರ ಚಾಮಯ್ಯ ಮೇಷ್ಟ್ರು ಕನ್ನಡಕದ ಹಿಂದೆಯೇ ಎಷ್ಟೊಂದು ನುಂಗಿಕೊಂಡರು! ಅದಕ್ಕೂ ಮೊದಲೇ, 1971ರಲ್ಲಿ, ಬಂದದ್ದು ಪುಟ್ಟಣ್ಣ ಕಣಗಾಲರ 'ಶರಪಂಜರ', ತ್ರಿವೇಣಿಯವರ ಕಾದಂಬರಿಯಿಂದ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು, ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಮನೆಯವರು, ನೆರೆಯವರು ಹುಚ್ಚಿ ಎಂದೇ ನೋಡುತ್ತಾರೆ. ಕಲ್ಪನಾ ಆ ಪಾತ್ರದಲ್ಲಿ ಅಳುವನ್ನು ನಗುವಿನೊಳಗೆ ಹಾಕಿ ಕಲಸಿಬಿಟ್ಟರು. ಬಣ್ಣದ ಚಿತ್ರವಾದ್ದರಿಂದ ಕೆಂಪೂ ಬಂತು. ಗಂಡನ ಮೋಸ ಗೊತ್ತಾದ ಮೇಲಿನ ಆ ಕೊನೆಯ ಹೊತ್ತಿನಲ್ಲಿ ಅವಳ ದನಿ ಏರುತ್ತದೆ, ಒಡೆಯುತ್ತದೆ, ಮತ್ತೆ ಏರುತ್ತದೆ. ಅತಿಯಾಯಿತು ಎಂದವರುಂಟು. ಒಪ್ಪಲಾರೆ. ಮಾತಾಡಿದರೆ ಹುಚ್ಚು ಎನ್ನುವ ಮನೆಯಲ್ಲಿ ಹೆಣ್ಣು ಮೆಲ್ಲಗೆ ಅತ್ತರೆ ಯಾರು ಕೇಳುತ್ತಾರೆ? ಮ್ಯಾಟಿನಿ ಮುಗಿಸಿ ಬಂದ ನನ್ನ ಅಮ್ಮ ಅವತ್ತು ರಾತ್ರಿ ಅಡುಗೆಮನೆಯಲ್ಲಿ ಯಾರೊಡನೆಯೂ ಮಾತಾಡಲಿಲ್ಲ.

ಆಮೇಲೆ ಟಿವಿ ಬಂತು, ದಿನಕ್ಕೊಂದು ಕಂತು ಬಂತು. ಈಗ ಸಂಜೆ ಆರರಿಂದ ಹತ್ತರವರೆಗೆ ಯಾವುದಾದರೊಂದು ಮನೆಯಲ್ಲಿ ಯಾರಾದರೂ ಅಳುತ್ತಲೇ ಇರುತ್ತಾರೆ. ಒಂದೇ ಮುಖವನ್ನು ಮೂರು ಕಡೆಯಿಂದ ಮೂರು ಸಲ ತೋರಿಸಿ, ನಡುವೆ ಸಂಗೀತ ಬಡಿಯುತ್ತಾರೆ. ಆ ನಟಿಯರ ಶ್ರಮದ ಬಗ್ಗೆ ನನಗೆ ಗೌರವವಿದೆ, ದಿನಾ ಬೆಳಗ್ಗೆ ಕಣ್ಣಿಗೆ ಸೀಸೆ ತಾಗಿಸಿಕೊಳ್ಳುವುದು ಸುಲಭವಲ್ಲ. ಆದರೆ ಉದುರುವ ಮೊದಲಿನ ಕ್ಷಣಕ್ಕೆ ಅವರಿಗೆ ಯಾರೂ ಸಮಯ ಕೊಡುತ್ತಿಲ್ಲ.

ಕಲ್ಪನಾ ಕೊನೆಯ ದಿನಗಳಲ್ಲಿ ಉತ್ತರ ಕರ್ನಾಟಕದ ಕಂಪನಿ ನಾಟಕಗಳಲ್ಲಿ ಅಭಿನಯಿಸುತ್ತಿದ್ದರು. ಕ್ಯಾಮೆರಾ ಹತ್ತಿರದಿಂದ ಕಂಡ ಆ ಕಣ್ಣುಗಳು ಅಲ್ಲಿ ಮತ್ತೆ ಕೊನೆಯ ಸಾಲಿಗೆ ಕಾಣದಾದವು, ಮತ್ತೆ ಕಂಠವೇ ಎಲ್ಲವನ್ನೂ ಹೊರಬೇಕಾಯಿತು. ಆ ಸುದ್ದಿ ಕೇಳಿದ ದಿನ ಅಪ್ಪ, 'ಅವರಿಗೆ ಪೆಟ್ಟಿಗೆ ಯಾರು ಹಿಡೀತಾರೋ' ಎಂದು ಕೇಳಿದ್ದರು. 1979ರ ಮೇ ತಿಂಗಳಲ್ಲಿ, ಸಂಕೇಶ್ವರದ ಹತ್ತಿರದ ಗೋಟೂರಿನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 35 ವರ್ಷ.