ಬೆಳಗಾವಿ ಕೋರ್ಟಿನ ದಾರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹುಡುಗರು ಕೇಳ್ತಾರ: ಅಣ್ಣಾ, ಅಟ್ರಾಸಿಟಿ ಕೇಸು ನಮ್ಮೂರ ಜೆಎಂಎಫ್‌ಸಿ ಕೋರ್ಟಿನ್ಯಾಗ ಯಾಕ ನಡೆಯೂದಿಲ್ಲ?

1955ರ ಅಸ್ಪೃಶ್ಯತಾ ಕಾಯ್ದೆಯ ಕೇಸುಗಳು ಮ್ಯಾಜಿಸ್ಟ್ರೇಟರ ಮುಂದೆಯೇ ನಡೀತಿದ್ವು. 1989ರ ಕಾಯ್ದೆ ವಿಶೇಷ ನ್ಯಾಯಾಲಯ ಅಂತು. ಆದರ ಇದ್ದ ಸೆಷನ್ಸ್ ಕೋರ್ಟಿಗೇ ಆ ಹೆಸರು ಕೊಟ್ಟರು, ಕೊಲೆ-ದರೋಡೆ ಕೇಸುಗಳ ನಡುವ ನಮ್ಮದೂ ಸರದಿ ಕಾಯಬೇಕಾಯ್ತು. ಮ್ಯಾಲ 2000ದಾಗ ಗಂಗುಲ ಅಶೋಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮ್ಯಾಜಿಸ್ಟ್ರೇಟರು ಒಪ್ಪಿಸದ ಹೊರತು ವಿಶೇಷ ನ್ಯಾಯಾಲಯ ಕೇಸು ಕೈಗೆತ್ತಿಕೊಳ್ಳುವಂತಿಲ್ಲ ಎಂದಿತು. ಅಂದ್ರ ಎರಡು ಬಾಗಿಲು. ಸಾಕ್ಷಿ ಹೇಳೋ ಕೂಲಿಯವನಿಗೆ ಒಂದು ವಾಯಿದೆ ಅಂದ್ರ ಒಂದು ದಿನದ ಪಗಾರ. ಆರೋಪಿಯ ಹೊಲದಾಗ ದುಡಿಯೋನಾದ್ರ ಕೆಲಸಾನೇ ಹೋಯ್ತು. ಎಷ್ಟೋ ಖುಲಾಸೆಗಳು ಹುಟ್ಟಿದ್ದು ಇಲ್ಲೇ ಅಂತ ನನ್ನ ಲೆಕ್ಕ.

2015ರ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂತು. ಕಲಂ 14ರಲ್ಲಿ ಈ ಕೇಸುಗಳಿಗೇ ಮೀಸಲಾದ ಕೋರ್ಟು, ಅಲ್ಲೇ ನೇರ ವಿಚಾರಣೆ, ಸಾಧ್ಯವಾದಷ್ಟು ಚಾರ್ಜ್‌ಶೀಟ್ ಆಗಿ ಎರಡು ತಿಂಗಳೊಳಗೆ ಮುಕ್ತಾಯ. ಕಲಂ 15ಎ ಪ್ರಕಾರ ಜಾಮೀನು ಅರ್ಜಿ ಬಂದಾಗ ನೊಂದವರ ಮಾತನ್ನೂ ಕೇಳಬೇಕು. ಇದು ಕಡ್ಡಾಯ ಅಂತ 2021ರಲ್ಲಿ ಹರಿರಾಮ್ ಭಾಂಭಿ ಪ್ರಕರಣದಾಗ ಸುಪ್ರೀಂ ಕೋರ್ಟೇ ಹೇಳೇದ.

(ರಾಮದುರ್ಗ 1948ರವರೆಗೆ ಸಂಸ್ಥಾನ, ಅಲ್ಲಿನ ನ್ಯಾಯದ ಕಥಿ ಬ್ಯಾರೆ, ಇನ್ನೊಮ್ಮೆ ಬರೀತೀನಿ.)

ಅದೇ 15ಎ ಕಲಮಿನಾಗ ನೊಂದವರ, ಸಾಕ್ಷಿಗಳ ಪ್ರಯಾಣ ಖರ್ಚೂ ಐತಿ. ಬೆಳಗಾವಿಗೆ ಹೋಗಿ ಬಂದ ಬಸ್ ಟಿಕೆಟ್ ಹರಿದು ಒಗೀಬ್ಯಾಡ್ರಿ.