ಕಟ್ಟಿಕೊಂಡ ಹಬ್ಬ

ಹಬ್ಬ ಅಂದ್ರೆ ಅದು ಅಜ್ಜ-ಮುತ್ತಜ್ಜಂದಿರ ಕಾಲದಿಂದ ಹಾಗೇ ಬಂದದ್ದು, ಅದನ್ನ ಪ್ರಶ್ನೆ ಮಾಡೋ ಹಾಗಿಲ್ಲ ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಇದು ಸುಳ್ಳು. ಎಲ್ಲಾ ಹಬ್ಬಗಳನ್ನೂ ಮನುಷ್ಯರೇ ಮಾಡಿದ್ದು. ಯಾರದೋ ಗೆಲುವನ್ನ, ಯಾರದೋ ಸುಗ್ಗಿಯನ್ನ ನೆನಪಿಟ್ಟುಕೊಳ್ಳೋದಕ್ಕೆ ಮಾಡಿದ್ದು. ಹಾಗಾದ್ರೆ ನೆನಪನ್ನೇ ಕಿತ್ತುಕೊಳ್ಳಲ್ಪಟ್ಟ ಜನ ಯಾವ ಹಬ್ಬ ಮಾಡಬೇಕು? ಈ ಪ್ರಶ್ನೆಯನ್ನ ಅಮೆರಿಕದ ಕಪ್ಪು ಜನ ಕೇಳಿಕೊಂಡರು. ಅವರು ಕಂಡುಕೊಂಡ ಉತ್ತರಗಳಲ್ಲಿ ಒಂದರ ಹೆಸರು ಕ್ವಾಂಜಾ.

ಮೊದಲು ಕಿತ್ತುಕೊಂಡದ್ದೇನು ಅಂತ ನೋಡೋಣ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ದಂಗೆ ಎದ್ದರು. ಡೋಲು ಬಾರಿಸಿಕೊಂಡು, ಬಿಡುಗಡೆ ಅಂತ ಕೂಗಿಕೊಂಡು ಹೊರಟರು. ದಂಗೆಯನ್ನ ಅಡಗಿಸಿದ ಒಡೆಯರು 1740ರಲ್ಲಿ ಒಂದು ಕಾಯ್ದೆ ತಂದರು. ಗುಲಾಮನಿಗೆ ಬರೆಯೋದು ಕಲಿಸಿದವನಿಗೆ ನೂರು ಪೌಂಡು ದಂಡ. ಗುಲಾಮರು ಡೋಲು, ಕಹಳೆ ಇಟ್ಟುಕೊಳ್ಳೋ ಹಾಗಿಲ್ಲ. ಅಕ್ಷರಕ್ಕೂ ಡೋಲಿಗೂ ಒಂದೇ ಕಾಯ್ದೆಯಲ್ಲಿ ಬೀಗ! ಒಡೆಯನಿಗೆ ಇವೆರಡರ ಭಯ ಎಷ್ಟಿತ್ತು ಅನ್ನೋದು ಇದರಲ್ಲೇ ಗೊತ್ತಾಗುತ್ತೆ. ಅಕ್ಷರ ಕಲಿತರೆ ಶಿಕ್ಷೆ ಅನ್ನೋ ಕಾನೂನು ನಮ್ಮ ಓದುಗರಿಗೇನೂ ಹೊಸದಲ್ಲ.

ಉಳಿದದ್ದು ಬಾಯಿ ಮತ್ತು ಕೈ. ಬಾಯಿ ಕಥೆ ಹೇಳಿತು. ಪಶ್ಚಿಮ ಆಫ್ರಿಕಾದ ಅಕಾನ್ ಜನರ ಜೇಡ ಅನಾನ್ಸಿ ಗುಲಾಮರ ಹಡಗಿನಲ್ಲಿ ಕಡಲು ದಾಟಿ ಬಂದು ಅಮೆರಿಕದ ದಕ್ಷಿಣದಲ್ಲಿ ‘ಆಂಟ್ ನ್ಯಾನ್ಸಿ’ ಆಯ್ತು. ಅದರ ಜೊತೆಗೆ ಮೊಲದ ಕಥೆಗಳೂ ಬೆಳೆದವು. ಸಣ್ಣ ಪ್ರಾಣಿ ಬುದ್ಧಿಯಿಂದ ದೊಡ್ಡ ಪ್ರಾಣಿಯನ್ನ ಮಣ್ಣು ಮುಕ್ಕಿಸೋ ಕಥೆಗಳು. ಹತ್ತಿ ಹೊಲದಲ್ಲಿ ಬೆನ್ನು ಮುರಿದುಕೊಂಡು ಬಂದವರು ರಾತ್ರಿ ಮಕ್ಕಳಿಗೆ ಈ ಕಥೆ ಹೇಳ್ತಿದ್ದರು. ಮೊಲ ಯಾರು, ತೋಳ ಯಾರು ಅಂತ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೈ ಬಟ್ಟೆ ಹೊಲಿಯಿತು. ಹ್ಯಾರಿಯೆಟ್ ಪವರ್ಸ್ ಅನ್ನೋ ಹೆಣ್ಣುಮಗಳು 1837ರಲ್ಲಿ ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದಳು. ಬಿಡುಗಡೆಯಾದ ಮೇಲೆ ತುಂಡು ಬಟ್ಟೆಗಳಿಂದ ಒಂದು ಕೌದಿ ಹೊಲಿದಳು. ಅದರಲ್ಲಿ 11 ಚೌಕ, ಒಂದೊಂದು ಚೌಕದಲ್ಲಿ ಬೈಬಲಿನ ಒಂದೊಂದು ಕಥೆ. 1886ರಲ್ಲಿ ಅಥೆನ್ಸ್ ಊರಿನ ಹತ್ತಿ ಜಾತ್ರೆಯಲ್ಲಿ ಅದನ್ನ ನೋಡಿದ ಬಿಳಿಯ ಚಿತ್ರಕಲಾ ಶಿಕ್ಷಕಿಯೊಬ್ಬಳು ಕೊಂಡುಕೊಳ್ಳೋಕೆ ಬಂದಳು. ಹ್ಯಾರಿಯೆಟ್ ಕೊಡಲಿಲ್ಲ. ನಾಲ್ಕಾರು ವರ್ಷ ಕಳೆದು ಬಡತನ ಕುತ್ತಿಗೆಗೆ ಬಂದಾಗ ಹತ್ತು ಡಾಲರ್ ಕೇಳಿದಳು. ಸಿಕ್ಕಿದ್ದು ಐದು. ಕೌದಿ ಕೊಡುವಾಗ ಪ್ರತಿ ಚೌಕದ ಕಥೆಯನ್ನೂ ಬಾಯಿಬಿಟ್ಟು ಹೇಳಿದಳು, ಶಿಕ್ಷಕಿ ಬರೆದುಕೊಂಡಳು. ಆಮೇಲೂ ತನ್ನ ಕೌದಿಯನ್ನ ನೋಡಿಬರೋಕೆ ಹೋಗ್ತಿದ್ದಳಂತೆ, ಕೊಟ್ಟ ಮಗಳನ್ನ ನೋಡೋಕೆ ಹೋದ ಹಾಗೆ. ಇವತ್ತು ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ಐದು ಡಾಲರಿನ ಕೌದಿ!

ಈಗ 1965ಕ್ಕೆ ಬನ್ನಿ. ಆಗಸ್ಟ್ 11ರಂದು ಲಾಸ್ ಏಂಜಲೀಸಿನ ವಾಟ್ಸ್ ಕೇರಿ ಸಿಡಿದೆದ್ದಿತು. ಪೊಲೀಸರ ದೌರ್ಜನ್ಯ, ನಿರುದ್ಯೋಗ, ಹಾಳುಬಿದ್ದ ಮನೆಗಳು ಎಲ್ಲಾ ಸೇರಿ ಹೊತ್ತಿಕೊಂಡ ಬೆಂಕಿ ಆರು ದಿನ ಉರಿಯಿತು. 34 ಜನ ಸತ್ತರು, ಹೆಚ್ಚಿನವರು ಕಪ್ಪು ಜನ. ಬೆಂಕಿ ಆರಿದ ಮೇಲೆ ಅದೇ ಕೇರಿಯ ಕಲಾವಿದ ನೋವಾ ಪ್ಯೂರಿಫಾಯ್ ಗೆಳೆಯರ ಜೊತೆ ಬೀದಿಗಿಳಿದು ಸುಟ್ಟ ಮರ, ಕರಗಿದ ನಿಯಾನ್ ಬೋರ್ಡುಗಳ ಚೂರು ಆರಿಸಿದ. ಮೂರು ಟನ್ ಕಸ! ಅದರಿಂದ ಶಿಲ್ಪ ಮಾಡಿ 1966ರಲ್ಲಿ ವಾಟ್ಸ್‌ನದೇ ಒಂದು ಶಾಲೆಯಲ್ಲಿ ಪ್ರದರ್ಶನಕ್ಕಿಟ್ಟರು.

ಅದೇ ಊರು, ಅದೇ ವರ್ಷ. 1966ರ ಡಿಸೆಂಬರ್ 26ರಂದು ಮೌಲಾನಾ ಕರೆಂಗಾ ಮತ್ತವನ ಸಂಗಾತಿಗಳು ಮೊದಲ ಕ್ವಾಂಜಾ ಮಾಡಿದರು. ಸ್ವಾಹಿಲಿಯಲ್ಲಿ ‘ಮತುಂಡಾ ಯಾ ಕ್ವಾಂಜಾ’ ಅಂದ್ರೆ ಮೊದಲ ಫಸಲು. ಇಂಗ್ಲಿಷ್ ಲಿಪಿಯಲ್ಲಿ ಆ ಹೆಸರಿನ ಕೊನೆಗೆ ಇನ್ನೊಂದು ‘ಎ’ ಸೇರಿಸಿ ಏಳಕ್ಷರ ಮಾಡಿದರು. ಯಾಕಂದ್ರೆ ಅವತ್ತು ಬಂದಿದ್ದ ಏಳು ಮಕ್ಕಳಿಗೂ ಒಂದೊಂದು ಅಕ್ಷರ ಸಿಗಬೇಕಿತ್ತು!

ಹಬ್ಬ ಜನವರಿ 1ರವರೆಗೆ ಏಳು ದಿನ. ಚಾಪೆ ಹಾಸಿ, ಅದರ ಮೇಲೆ ಹಣ್ಣು, ಮನೆಯ ಮಕ್ಕಳ ಲೆಕ್ಕಕ್ಕೆ ಮೆಕ್ಕೆಜೋಳದ ತೆನೆ, ಒಗ್ಗಟ್ಟಿನ ಬಟ್ಟಲು ಇಡ್ತಾರೆ. ಏಳು ಮೇಣದ ಬತ್ತಿ: ಮೂರು ಕೆಂಪು, ಮೂರು ಹಸಿರು, ನಡುವೆ ಒಂದು ಕಪ್ಪು. ಇವು ಮಾರ್ಕಸ್ ಗಾರ್ವಿಯ ಸಂಘ 1920ರಲ್ಲಿ ಸಾರಿದ ಬಾವುಟದ ಬಣ್ಣಗಳು. ಹಿರಿಯರ ಹೆಸರು ಹೇಳಿ ನೀರು ಬಿಡ್ತಾರೆ. ‘ಹಬಾರಿ ಗಾನಿ’, ಏನು ಸುದ್ದಿ, ಅಂತ ಒಬ್ಬರು ಕೇಳಿದರೆ ಇನ್ನೊಬ್ಬರು ಆ ದಿನದ ತತ್ವದ ಹೆಸರು ಹೇಳಬೇಕು. (ಈ ಹಬಾರಿ ಬೇರೆಯಲ್ಲ, ನಮ್ಮ ಉತ್ತರ ಕರ್ನಾಟಕದ ಖಬರು ಬೇರೆಯಲ್ಲ. ಎರಡಕ್ಕೂ ಅರಬ್ಬಿ ತಾಯಿ.) ಒಗ್ಗಟ್ಟು, ನಮ್ಮ ಹೆಸರು ನಾವೇ ಇಟ್ಟುಕೊಳ್ಳೋ ಹಕ್ಕು, ಕೂಡಿ ದುಡಿಮೆ, ಕೂಡಿ ಗಳಿಕೆ, ಗುರಿ, ಸೃಷ್ಟಿ, ನಂಬಿಕೆ. ಇವೇ ಏಳು ತತ್ವ.

ಆರನೇ ದಿನ ಕೂಂಬಾ, ಅಂದ್ರೆ ಸೃಷ್ಟಿಯ ದಿನ. ಅವತ್ತು ರಾತ್ರಿ ಎಲ್ಲರೂ ಸೇರಿ ಊಟ, ಡೋಲು, ಕುಣಿತ, ಕಥೆ. ಗ್ರಂಥಾಲಯ, ಶಾಲೆ, ಸಮುದಾಯ ಭವನಗಳಲ್ಲಿ ಮುದುಕರು ಕಥೆ ಹೇಳ್ತಾರೆ. ಮಕ್ಕಳು ಕಾಗದದ ಪಟ್ಟಿಗಳಿಂದ ಚಾಪೆ ಹೆಣೀತಾರೆ, ಬಟ್ಟೆ ಚೂರು ಅಂಟಿಸಿ ತಮ್ಮ ಮನೆತನದ ಕಥೆ ಬಿಡಿಸ್ತಾರೆ. ಮಕ್ಕಳಿಗೆ ಕೊಡೋ ಉಡುಗೊರೆಯಲ್ಲಿ ಪುಸ್ತಕ ಇರಬೇಕು, ಕೈಯಾರೆ ಮಾಡಿದ್ದಾದರೆ ಇನ್ನೂ ಮೇಲು. 1740ರ ಕಾಯ್ದೆ ಯಾವುದನ್ನ ಕಸಿಯಿತೋ ಅದೇ ಡೋಲು, ಅದೇ ಅಕ್ಷರ ಇಲ್ಲಿ ಮಕ್ಕಳ ಕೈಗೆ ವಾಪಸು ಬರುತ್ತೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಭಜನೆ ಮಾಡಿದ ಹಾಗಾಗುತ್ತೆ. ಕರೆಂಗಾನಿಗೆ 1971ರಲ್ಲಿ ತನ್ನದೇ ಸಂಘಟನೆಯ ಹೆಂಗಸರನ್ನ ಹಿಂಸಿಸಿದ ಅಪರಾಧಕ್ಕೆ ಶಿಕ್ಷೆಯಾಯ್ತು, 1975ರವರೆಗೆ ಜೈಲಿನಲ್ಲಿದ್ದ. ತಾನು ತಪ್ಪು ಮಾಡಿಲ್ಲ ಅಂತ ಅವನ ವಾದ. ಆದರೂ ಕೋರ್ಟಿನ ತೀರ್ಪು ತೀರ್ಪೇ. ವಿಮೋಚನೆಯ ಮಾತಾಡೋ ಸಂಘದೊಳಗೇ ಹೆಣ್ಣಿನ ಮೈಮೇಲೆ ಕೈ ಎತ್ತಿದರೆ ಅದನ್ನ ಮುಚ್ಚಿಟ್ಟು ಚರಿತ್ರೆ ಬರೆಯೋಕಾಗಲ್ಲ. ಇದು ನಮ್ಮ ಸಂಘಟನೆಗಳಿಗೂ ಹೇಳಿದ ಮಾತು. ಇನ್ನು, ಅಮೆರಿಕಕ್ಕೆ ಹೋದ ಗುಲಾಮರಲ್ಲಿ ಬಹುಪಾಲು ಜನ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದವರು, ಸ್ವಾಹಿಲಿ ಪೂರ್ವದ ಭಾಷೆ ಅನ್ನೋ ಟೀಕೆಯೂ ನಿಜವೇ. ಅಂಗಡಿಯವರು ಈ ಹಬ್ಬವನ್ನೂ ಬಿಡಲಿಲ್ಲ, ಕಾರ್ಡು ಅಚ್ಚು ಹಾಕಿ ಮಾರಿದರು. ಎಲ್ಲಾ ಕಪ್ಪು ಜನರೂ ಕ್ವಾಂಜಾ ಮಾಡೋದೂ ಇಲ್ಲ. ಆದರೆ ಹಬ್ಬ ಕಟ್ಟಿದವನ ಕೈಯಲ್ಲೇ ಉಳಿಯಲಿಲ್ಲ. ಅದನ್ನ ಉಳಿಸಿದವರು ಅಡುಗೆ ಮನೆಯ ತಾಯಂದಿರು, ಶಾಲೆಯ ಮೇಷ್ಟ್ರುಗಳು, ಕಥೆ ಹೇಳೋ ಅಜ್ಜಿಯರು.

ಆಫ್ರಿಕಾ ನಮಗೆ ದೂರದ್ದಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು, ಅರಬರು ಆಫ್ರಿಕಾದಿಂದ ತಂದ ಜನರ ಮಕ್ಕಳು ಇವರು. ಇವರ ಹಿರಿಯರಲ್ಲಿ ಅನೇಕರು ಗೋವಾದ ಗುಲಾಮಗಿರಿ ತಪ್ಪಿಸಿಕೊಂಡು ಬಂದವರು. ಸರ್ಕಾರ ಇವರನ್ನ ಪರಿಶಿಷ್ಟ ಪಂಗಡ ಅಂತ ಒಪ್ಪಿಕೊಂಡದ್ದು 2003ರಲ್ಲಿ. ಅವರ ಹತ್ತಿರವೂ ಡೋಲಿದೆ, ಅದಕ್ಕೆ ಡಮಾಮಿ ಅಂತಾರೆ. ಅವರ ಹೆಂಗಸರೂ ಹಳೇ ಸೀರೆ, ಅಂಗಿ ಚೂರು ಕೂಡಿಸಿ ಕೌದಿ ಹೊಲೀತಾರೆ. ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ಹೂ ಇರಬೇಕು. ಹೂ ಇಲ್ಲದ ಕೌದಿ ಬೆತ್ತಲೆ ಅಂತಾರೆ ಅವರು.

ಸಿದ್ದಿಗಳು ಕ್ವಾಂಜಾ ಮಾಡಬೇಕು ಅಂತ ನಾವು ಹೇಳ್ತಿಲ್ಲ, ನಮ್ಮ ಕೇರಿಗಳಲ್ಲೂ ಏಳು ಬತ್ತಿ ಹಚ್ಚಿ ಅಂತಲೂ ಹೇಳ್ತಿಲ್ಲ. ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮದೊಂದೇ ಕೋರಿಕೆ. ಒಂದು ದಿನ ಪಾಠದ ಪುಸ್ತಕ ಮುಚ್ಚಿ, ಕೇರಿಯ ಒಬ್ಬ ಅಜ್ಜಿಯನ್ನ ಶಾಲೆಗೆ ಕರೆದು ಕೂರಿಸಿ. ಆಕೆ ಹೊಲಿದ ಕೌದಿಯನ್ನೂ ತರೋಕೆ ಹೇಳಿ. ಯಾವ ಚೂರು ಯಾರ ಸೀರೆಯದು, ಅದನ್ನ ಉಟ್ಟವಳು ಯಾವ ಗೌಡನ ಹೊಲದಲ್ಲಿ ಕಳೆ ಕಿತ್ತಳು ಅಂತ ಮಕ್ಕಳು ಕೇಳಲಿ. ಕೇಳಿದ್ದನ್ನ ಬರೆಯಲಿ, ಬಿಡಿಸಲಿ. ಕೊನೆಗೆ ಅದರ ಕೆಳಗೆ ಅಜ್ಜಿಯ ಹೆಸರು ಹಾಕೋದನ್ನ ಮರೆಯದಿರಲಿ.